ಓದಿನ ತೊಡಕು ಮತ್ತು ಅರಿವಿನ ಅಧಿಕಾರ

ಡಿಸ್‌ಲೆಕ್ಸಿಯಾ, ಎಂದರೆ ಬುದ್ಧಿಶಕ್ತಿಗೆ ಕೊರತೆಯಿಲ್ಲದಿದ್ದರೂ ಅಕ್ಷರವನ್ನು ಧ್ವನಿಯೊಡನೆ ಕೂಡಿಸಿ ಸರಾಗವಾಗಿ ಓದಲಾಗದ ಸ್ಥಿತಿ, ಜ್ಞಾನಮೀಮಾಂಸೆಯ ಹಳೆಯ ಪ್ರಶ್ನೆಯೊಂದನ್ನು ಮತ್ತೆ ಎತ್ತುತ್ತದೆ: ಅರಿವಿಗೆ ಅಧಿಕಾರಿ ಯಾರು? ಬೃಹದಾರಣ್ಯಕ ಉಪನಿಷತ್ತನ್ನು ಆಧರಿಸಿದ ವೇದಾಂತ ಪರಂಪರೆಯು ಶ್ರವಣ, ಮನನ, ನಿದಿಧ್ಯಾಸನಗಳನ್ನು, ಅಂದರೆ ಕೇಳುವುದು, ವಿಚಾರಿಸುವುದು, ಎಡೆಬಿಡದೆ ಧ್ಯಾನಿಸುವುದು ಇವನ್ನು ಸಾಧನಗಳೆಂದು ಹೇಳುತ್ತದೆಯೇ ಹೊರತು ಲಿಪಿಯ ಓದನ್ನಲ್ಲ. ಅದೇ ಪರಂಪರೆ ಹುಟ್ಟಿನ ಆಧಾರದ ಮೇಲೆ ಹಲವರಿಗೆ ಆ ಶ್ರವಣವನ್ನೇ ನಿರಾಕರಿಸಿತೆಂಬುದನ್ನೂ ಮರೆಯಲಾಗದು. ಇಂದಿನ ಶಾಲೆಯಲ್ಲಿ ಮುದ್ರಿತ ಪುಟವೇ ತಡೆಗೋಡೆಯಾಗಿದೆ. ಕನ್ನಡ ಕಲಿಯುವ ಮಗು ಮೂಲಾಕ್ಷರಗಳ ಜೊತೆಗೆ ಗುಣಿತಾಕ್ಷರ, ಒತ್ತಕ್ಷರಗಳ ನೂರಾರು ರೂಪಗಳನ್ನು ಗುರುತಿಸಬೇಕಾಗಿದ್ದು, ಡಿಸ್‌ಲೆಕ್ಸಿಯಾ ಇರುವ ಮಗುವಿನ ಶಕ್ತಿಯೆಲ್ಲ ಅಲ್ಲಿಯೇ ವ್ಯಯವಾಗಿ, ಅರ್ಥಗ್ರಹಣಕ್ಕೆ ಏನೂ ಉಳಿಯದೆ ಹೋಗಬಹುದು. ಧ್ವನಿಪುಸ್ತಕ, ಓದಿ ಹೇಳುವವರ ನೆರವು, ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಇವು ಇತರ ಮಕ್ಕಳಿಗೆ ಅನ್ಯಾಯವೆಂಬ ಆಕ್ಷೇಪವು ಏಕರೂಪತೆಯನ್ನೇ ಸಮತೆಯೆಂದು ತಪ್ಪಾಗಿ ಭಾವಿಸುತ್ತದೆ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಡಿಸ್‌ಲೆಕ್ಸಿಯಾವನ್ನೂ ಒಳಗೊಂಡ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ತನ್ನ ಪಟ್ಟಿಗೆ ಸೇರಿಸಿ ಈ ನೆರವಿಗೆ ಕಾನೂನಿನ ಬಲವನ್ನು ಕೊಟ್ಟಿದೆ. ಆದರೆ ಈ ನ್ಯೂನತೆಯ ಪ್ರಮಾಣಪತ್ರಕ್ಕಾಗಿ ನಗರಕ್ಕೆ ಅಲೆಯಲಾಗದ ಹಳ್ಳಿಯ ಮಗುವನ್ನು ಆ ನೆರವು ಮುಟ್ಟಬೇಕಾದರೆ ತೊಡಕನ್ನು ಗುರುತಿಸುವ ತರಬೇತಿ ಪ್ರಾಥಮಿಕ ಶಾಲೆಯ ಶಿಕ್ಷಕರಿಗೇ ದೊರೆಯಬೇಕು, ತಡವರಿಸುವ ಮಗುವನ್ನು ಎಲ್ಲರೆದುರು ಗಟ್ಟಿಯಾಗಿ ಓದಿಸಿ ದಡ್ಡನೆಂದು ಹೀಗಳೆಯುವ ಕ್ರೂರ ರೂಢಿಯೂ ನಿಲ್ಲಬೇಕು.