ಕಾರಣ ಹೇಳದ ಎಚ್ಚರಿಕೆ

ಹಾರನಹಳ್ಳಿಯ ಸುತ್ತಮುತ್ತ ಬೆಳೆದ ನಮ್ಮ ತಲೆಮಾರಿನವರು ಈಜು ಕಲಿತದ್ದು ಹೊಳೆಯಲ್ಲಲ್ಲ, ತೋಟದ ಬಾವಿಯಲ್ಲಿ. ಅರಸೀಕೆರೆ ಸೀಮೆಯಲ್ಲಿ ಹೊಳೆಯೆಂದರೆ ಮಳೆ ಬಂದ ದಿನ ಹರಿದು ಮರುದಿನ ಮರೆತುಹೋಗುವ ಹಳ್ಳಕ್ಕೆ ನಾವು ಕೊಟ್ಟುಕೊಂಡ ಗೌರವದ ಹೆಸರು. ತೆಂಗಿನ ತೋಟದ ನಡುವಿನ ಕಲ್ಲುಕಟ್ಟಡದ ಬಾವಿ, ಗೋಡೆಯಿಂದ ಹೊರಚಾಚಿದ ಮೆಟ್ಟಿಲುಗಲ್ಲುಗಳು, ಬೆನ್ನಿಗೆ ಬಿಗಿದ ಒಣ ಸೋರೆಬುರುಡೆ ಅಥವಾ ಒಂದು ಜೋಡಿ ಒಣ ತೆಂಗಿನಕಾಯಿ, ದಡದಲ್ಲಿ ಹಗ್ಗ ಹಿಡಿದು ನಿಂತ ಚಿಕ್ಕಪ್ಪ. ಇಷ್ಟೇ ನಮ್ಮ ಈಜುಶಾಲೆ. ಹಗ್ಗ ಹಿಡಿದವನು ಬೈಯುತ್ತಿದ್ದನೇ ಹೊರತು ಕಾರಣ ವಿವರಿಸುತ್ತಿರಲಿಲ್ಲ. ನಾವೂ ಕೇಳುತ್ತಿರಲಿಲ್ಲ.

ಆ ಬಾವಿಗಳು ಈಗಿಲ್ಲ. ಕೊಳವೆಬಾವಿಗಳು ಆಳಕ್ಕೆ, ಇನ್ನೂ ಆಳಕ್ಕೆ ಇಳಿದಂತೆಲ್ಲ ತೆರೆದ ಬಾವಿಗಳ ಒರತೆ ಬತ್ತಿತು. ಕೆಲವನ್ನು ಮುಚ್ಚಿದರು, ಕೆಲವು ಕಸದ ಗುಂಡಿಗಳಾದವು. ನೀರು ಹೋದದ್ದನ್ನು ಎಲ್ಲರೂ ಗಮನಿಸಿದೆವು. ನೀರಿನೊಡನೆ ಈಜೂ ಹೋಯಿತೆಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಧರ್ಮೋಪದೇಶದ ತರಗತಿಯಲ್ಲಿ ಕುಳಿತ ಮಕ್ಕಳನ್ನು, ಈಜು ಬಲ್ಲವರು ಕೈಯೆತ್ತಿ ಎಂದು ಒಮ್ಮೆ ಕೇಳಿ ನೋಡಿ. ಏಳುವ ಕೈಗಳನ್ನು ಎಣಿಸಲು ಬಹಳ ಹೊತ್ತು ಬೇಕಾಗುವುದಿಲ್ಲ.

ಆದರೆ ಅದೇ ಮಕ್ಕಳ ಅಣ್ಣಂದಿರ ಬಳಿ ಬೈಕುಗಳಿವೆ, ಕೈಯಲ್ಲಿ ದಾರಿ ತೋರುವ ಫೋನುಗಳಿವೆ. ಭಾನುವಾರದ ಬಲಿಪೂಜೆ ಮುಗಿಯುತ್ತಿದ್ದಂತೆ ಅರಸೀಕೆರೆಯ ಕಡೆಯಿಂದ ಕಡೂರು, ತರೀಕೆರೆ ದಾಟಿ ಕಲ್ಲತ್ತಿಗಿರಿಗೂ ಕೆಮ್ಮಣ್ಣುಗುಂಡಿಗೂ ಹೊರಡುವವರಿದ್ದಾರೆ; ಹಳೇಬೀಡು, ಬೇಲೂರಿನ ದಾರಿ ಹಿಡಿದು ಮೂಡಿಗೆರೆ, ಚಾರ್ಮಾಡಿಯ ಹೊಳೆಗಳಿಗೆ ಇಳಿಯುವವರಿದ್ದಾರೆ. ಅವರನ್ನು ದೂಷಿಸಲು ನಾನು ಈ ಲೇಖನ ಬರೆಯುತ್ತಿಲ್ಲ. ಕಾಡಿನ ನೆರಳಿನಲ್ಲಿ ಬಂಡೆಗಳ ನಡುವೆ ನಿಂತ ತಿಳಿನೀರಿನ ಮಡುವನ್ನು ಕಂಡಾಗ ಬರಡು ಸೀಮೆಯ ಮನಸ್ಸಿಗೆ ಆಗುವ ಆನಂದವನ್ನು ನಾನು ಬಲ್ಲೆ. ಆ ಆನಂದದಲ್ಲಿ ಪಾಪವೇನೂ ಇಲ್ಲ. ನೀರನ್ನು ಸೃಷ್ಟಿಸಿ ಅದನ್ನು ಒಳ್ಳೆಯದೆಂದು ಕಂಡವನು, ಅದರಲ್ಲಿ ಮಗುವೊಂದು ಕೈಕಾಲು ಬಡಿದು ನಗುವುದನ್ನು ಕಂಡು ಮುನಿಯಲಾರ.

ಇಂತಹ ಮಡುಗಳು ಹೇಗಾಗುತ್ತವೆ ಎಂಬುದನ್ನು ತಿಳಿದರೆ ಅವುಗಳ ಸ್ವಭಾವವೂ ತಿಳಿಯುತ್ತದೆ. ಮಳೆಗಾಲದ ಪ್ರವಾಹವು ಬಂಡೆಯ ಸಣ್ಣ ತಗ್ಗೊಂದರಲ್ಲಿ ಸುತ್ತತೊಡಗಿದಾಗ ಅದು ಹೊತ್ತು ತಂದ ಉರುಟುಗಲ್ಲುಗಳೂ ಜೊತೆಯಲ್ಲಿ ಸುತ್ತುತ್ತವೆ. ಸಾವಿರಾರು ಮಳೆಗಾಲಗಳು ಹೀಗೆ ಕಲ್ಲು ಕಲ್ಲನ್ನು ಅರೆದು, ಒರಳಿನಂತಹ ಕುಳಿ ತಯಾರಾಗುತ್ತದೆ. ಒರಳಿನಂತೆಯೇ ಅದರ ಗೋಡೆ ನುಣುಪು. ಮುಳುಗುತ್ತಿರುವವನ ಬೆರಳಿಗೆ ಹಿಡಿಯಲು ಏನೂ ಸಿಗದು. ಕೆಲವೆಡೆ ನೀರು ಬಂಡೆಯ ಅಡಿಯನ್ನೇ ಕೊರೆದು ಒಳದಾರಿ ಮಾಡಿಕೊಂಡಿರುತ್ತದೆ. ಜಲಪಾತದ ಬುಡದಲ್ಲಿ ಬಿದ್ದ ನೀರು ತಳಕ್ಕಿಳಿದು, ಮೇಲೆದ್ದು, ಮತ್ತೆ ಜಲಪಾತದತ್ತಲೇ ಮರಳುತ್ತದೆ. ಅಲ್ಲಿನ ಬಿಳಿನೊರೆಯಲ್ಲಿ ಗಾಳಿ ಬೆರೆತಿರುವುದರಿಂದ ಅದು ಶರೀರವನ್ನು ಎತ್ತಿ ಹಿಡಿಯದು. ಎಂಟು ಅಡಿಯ ತಿಳಿನೀರು ಮೇಲಿನಿಂದ ನೋಡುವವನಿಗೆ ಆರು ಅಡಿಯಂತೆ ತೋರುತ್ತದೆ. ಹರಿವಿನ ವೇಗ ಎರಡು ಪಟ್ಟಾದರೆ ಅದು ನಮ್ಮನ್ನು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ನಾವು ನಿಂತಲ್ಲಿ ಬಿಸಿಲಿದ್ದರೂ ಘಟ್ಟದ ನೆತ್ತಿಯಲ್ಲಿ ಸುರಿದ ಮಳೆ ಸ್ವಲ್ಪ ಹೊತ್ತಿನಲ್ಲೇ ಕೆಳಗೆ ಬಂದು ಮುಟ್ಟಬಹುದು. ಬಾವಿಯ ನೀರು ನಿಂತ ನೀರು. ಅಲ್ಲಿ ಕಲಿತ ಈಜು ಇಲ್ಲಿ ಅರ್ಧಕ್ಕೇ ಸಾಲದು. ಏನೂ ಕಲಿಯದವನ ಪಾಡು ಹೇಳಬೇಕಾಗಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 3 ಲಕ್ಷ ಜನರು ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಮೂವತ್ತು ದಾಟದವರು. 2023ರ ಜುಲೈಯಲ್ಲಿ ಕೊಲ್ಲೂರಿನ ಸಮೀಪದ ಅರಶಿನಗುಂಡಿ ಜಲಪಾತದ ಬಂಡೆಯ ಮೇಲೆ ನಿಂತಿದ್ದ ತರುಣನೊಬ್ಬ, ಗೆಳೆಯ ಚಿತ್ರೀಕರಿಸುತ್ತಿರುವಾಗಲೇ ಕಾಲು ಜಾರಿ ನೀರುಪಾಲಾದದ್ದನ್ನು ನಮ್ಮಲ್ಲಿ ಅನೇಕರು ಫೋನಿನಲ್ಲಿ ನೋಡಿದ್ದೇವೆ. ಮುಂದಿನ ಜುಲೈಯಲ್ಲಿ ಚಾರ್ಮಾಡಿ ಘಾಟಿಯ ಜಲಪಾತವೊಂದರಲ್ಲಿ ಎಚ್ಚರಿಕೆಯನ್ನು ಲೆಕ್ಕಿಸದೆ ಬಂಡೆಯೇರಿ ಸ್ನಾನಕ್ಕಿಳಿದವರ ಬಟ್ಟೆಗಳನ್ನು ಪೊಲೀಸರು ಎತ್ತಿಕೊಂಡು ಹೋದರಂತೆ. ತರುಣರು ಒದ್ದೆಮೈಯಲ್ಲಿ ಹಿಂದೆ ಓಡಿ ಬೇಡಿಕೊಳ್ಳಬೇಕಾಯಿತು. ಓದಿ ನಕ್ಕೆ. ಸಾವಿನ ಭಯ ಮಾಡಲಾರದ್ದನ್ನು ನಾಚಿಕೆ ಮಾಡಿತಲ್ಲ ಎಂದು ಆಮೇಲೆ ಯೋಚಿಸಿದೆ.

ಎಚ್ಚರಿಕೆ ಕಣ್ಣೆದುರಿಗಿದ್ದರೂ ನಾವೇಕೆ ಕೇಳುವುದಿಲ್ಲ? ಯುವಕರ ಹುಂಬತನ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ನನಗೆ ಆ ಉತ್ತರದ ಹಿಂದೆ ಅಡಗಿಕೊಳ್ಳುವ ಹಕ್ಕಿಲ್ಲ. 1999ರ ನವೆಂಬರಿನಲ್ಲಿ, ನಾನು ಗುರುದೀಕ್ಷೆ ಪಡೆದ ಎರಡನೆಯ ವರ್ಷ, ಬಯಲುಸೀಮೆಯ ಧರ್ಮಕೇಂದ್ರವೊಂದರ ಹದಿನೆಂಟು ಯುವಕರನ್ನು ವ್ಯಾನಿನಲ್ಲಿ ಮೂಡಿಗೆರೆ ತಾಲ್ಲೂಕಿಗೆ ಕರೆದೊಯ್ದೆ. ಹೇಮಾವತಿಯನ್ನು ಸೇರುವ ಹೊಳೆಯೊಂದರ ಮಡು ಅದು. ಹೆಸರು ಬರೆಯುವುದಿಲ್ಲ; ಬರೆದರೆ ಮುಂದಿನ ಭಾನುವಾರ ಅಲ್ಲಿಗೆ ನಾಲ್ಕು ಬೈಕುಗಳು ಹೋಗುತ್ತವೆ.

ದಡದಲ್ಲಿ ಸೌದೆಹೊರೆ ಇಳಿಸಿ ಕುಳಿತಿದ್ದ ವೃದ್ಧೆಯೊಬ್ಬಳು ನಮ್ಮನ್ನು ಕಂಡು ಎದ್ದು ಬಂದಳು. “ಆ ಕರಿಬಂಡೆಯಿಂದ ಆಚೆಗೆ ಹೋಗಬೇಡಿ. ಅಲ್ಲಿ ಅಮ್ಮ ಇದ್ದಾಳೆ. ವರ್ಷಕ್ಕೊಂದು ತಲೆ ತಗೊಳ್ತಾಳೆ” ಎಂದಳು. ನಾನು ನಕ್ಕೆ. ನಕ್ಕಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಹುಡುಗರ ಕಡೆ ತಿರುಗಿ ಮೂಢನಂಬಿಕೆಯ ವಿಷಯದಲ್ಲಿ ಐದು ನಿಮಿಷದ ಉಪದೇಶ ಮಾಡಿದೆ. ಗುರುಮಠದಲ್ಲಿ ಎಂಟು ವರ್ಷ ತತ್ವಶಾಸ್ತ್ರವನ್ನೂ ದೈವಶಾಸ್ತ್ರವನ್ನೂ ಓದಿದವನಿಗೆ ಅದೊಂದು ಅನಾಯಾಸ ಅವಕಾಶವಾಗಿ ಕಂಡಿತು. ಆಕೆ ಮತ್ತೆ ಮಾತನಾಡಲಿಲ್ಲ. ಹೊರೆಯನ್ನೂ ಎತ್ತಿಕೊಳ್ಳದೆ ಅಲ್ಲಿಯೇ ನಿಂತಳು.

ಅರ್ಧ ಗಂಟೆಯ ನಂತರ, ನನ್ನ ಉಪದೇಶವನ್ನು ಎಲ್ಲರಿಗಿಂತ ಚೆನ್ನಾಗಿ ಕೇಳಿಸಿಕೊಂಡಿದ್ದ ಹುಡುಗನೊಬ್ಬ ಕರಿಬಂಡೆಯ ಆಚೆಗೆ ಹೋಗಿ ಕಣ್ಮರೆಯಾದ. ಕೂಗಲಿಲ್ಲ, ಕೈ ಬೀಸಲಿಲ್ಲ. ಮುಳುಗುವವರು ಸಾಮಾನ್ಯವಾಗಿ ಸದ್ದು ಮಾಡುವುದಿಲ್ಲವೆಂಬುದನ್ನು ನಾನು ಕಲಿತದ್ದು ಅಂದು. ಇಬ್ಬರು ಹಿಂದೆಯೇ ಧುಮುಕಲು ಹೊರಟಾಗ ಆ ವೃದ್ಧೆ ಕಿರುಚಿ ತಡೆದಳು, ತಡೆಯದಿದ್ದರೆ ಮೂವರಾಗುತ್ತಿದ್ದರು. ಆಕೆಯ ಕೂಗಿಗೆ ತೋಟದಿಂದ ಓಡಿಬಂದ ಆಳೊಬ್ಬ ಬಂಡೆಯ ಕೆಳಮಗ್ಗುಲಲ್ಲಿ, ನೀರು ಹೊರಬೀಳುವ ಜಾಗವನ್ನು ಗೊತ್ತಿದ್ದವನಂತೆ ಹುಡುಕಿ, ಉದ್ದನೆಯ ಬಿದಿರನ್ನು ಇಳಿಸಿದ. ಹುಡುಗ ಬದುಕಿದ. ಬೆನ್ನಿನ ಚರ್ಮ ಭುಜದಿಂದ ಸೊಂಟದವರೆಗೆ ಉಜ್ಜಿಹೋಗಿತ್ತು. ಬಂಡೆಯ ಅಡಿಯಲ್ಲಿ ನೀರು ಕೊರೆದ ಸುರಂಗವಿತ್ತು. ಅವನು ಅದರೊಳಗೆ ಹೊಕ್ಕು ಹೊರಬಂದಿದ್ದ.

ಆ ವೃದ್ಧೆಯ ವಿವರಣೆ ತಪ್ಪಾಗಿತ್ತು, ಎಚ್ಚರಿಕೆ ಸರಿಯಾಗಿತ್ತು. ಈ ಎರಡನ್ನು ಬೇರ್ಪಡಿಸಲು ನನಗೆ ತಿಳಿಯದೆ ಹೋದದ್ದೇ ಅಂದಿನ ಅನಾಹುತದ ಮೂಲ. ತಲೆ ತೆಗೆದುಕೊಳ್ಳುವ ಅಮ್ಮನಿಲ್ಲವೆಂದು ಸಾಧಿಸಿದೊಡನೆ ಅಪಾಯವೂ ಇಲ್ಲವೆಂದು ಸಾಧಿಸಿದೆನೆಂದುಕೊಂಡೆ. ಎಷ್ಟು ತಲೆಮಾರುಗಳ ಶವಗಳನ್ನು ಕಂಡ ಊರು ಆ ಒಂದು ವಾಕ್ಯವನ್ನು ಕಟ್ಟಿರಬೇಕು! ಸುರಂಗದ ನಕ್ಷೆ ಅವರ ಬಳಿ ಇರಲಿಲ್ಲ, ಸತ್ತವರ ನೆನಪಿತ್ತು.

ವಿಚಿತ್ರವೆಂದರೆ ಇದನ್ನು ನನಗೆ ಗುರುಮಠದಲ್ಲಿಯೇ ಕಲಿಸಿದ್ದರು. ಸಂತ ಥಾಮಸ್ ಅಕ್ವಿನಾಸರು ವಿವೇಕವೆಂಬ ಸದ್ಗುಣವನ್ನು ಬಿಡಿಸಿ ಹೇಳುವಾಗ, ಇತರರಿಂದ ಕಲಿಯಲು ಒಪ್ಪುವ ವಿಧೇಯ ಮನಸ್ಸನ್ನೂ ಅದರ ಅಂಗಗಳಲ್ಲಿ ಒಂದೆಂದು ಎಣಿಸುತ್ತಾರೆ. ಬದುಕಿನ ಸಂದರ್ಭಗಳು ಅಸಂಖ್ಯವಾದುದರಿಂದ ಯಾವನೊಬ್ಬನೂ ಎಲ್ಲವನ್ನೂ ತಾನೇ ಪರೀಕ್ಷಿಸಿ ತಿಳಿಯಲಾರ. ಆದ್ದರಿಂದ ಅನುಭವಿಗಳೂ ಹಿರಿಯರೂ ಪ್ರಮಾಣ ನೀಡದೆ ಹೇಳುವ ಮಾತಿಗೂ ಪ್ರಮಾಣದಷ್ಟೇ ಬೆಲೆ ಕೊಡಬೇಕೆಂದು ಅವರು ಅರಿಸ್ಟಾಟಲನನ್ನು ಆಧರಿಸಿ ವಾದಿಸುತ್ತಾರೆ. ಅಕ್ವಿನಾಸರು ಬದುಕಿದ್ದು 13ನೇ ಶತಮಾನದಲ್ಲಿ, ಹಾರನಹಳ್ಳಿಯಲ್ಲಿ ಹೊಯ್ಸಳರ ಶಿಲ್ಪಿಗಳು ಉಳಿ ಹಿಡಿದಿದ್ದ ಅದೇ ಶತಮಾನದಲ್ಲಿ. ಈ ಪಾಠವನ್ನು ನಾನು ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕಗಳನ್ನೂ ಪಡೆದಿದ್ದೆ. ಆದರೆ ಅನುಭವಿಗಳೆಂದರೆ ಗ್ರಂಥ ಬರೆದವರು ಎಂದು ತಿಳಿದಿದ್ದೆನೇ ಹೊರತು ಸೌದೆ ಹೊರುವವಳೂ ಆ ಪಟ್ಟಿಯಲ್ಲಿ ಬರುತ್ತಾಳೆಂದು ಹೊಳೆದಿರಲಿಲ್ಲ. ಅದೇ ಗ್ರಂಥದಲ್ಲಿ ಅವರು ಭಯವೇ ಇಲ್ಲದಿರುವುದನ್ನು ಒಂದು ದೋಷವೆಂದು ಕರೆಯುತ್ತಾರೆ. ಭಯಪಡಬೇಕಾದುದಕ್ಕೆ ಭಯಪಡದವನು ಒಂದೋ ತನ್ನ ಜೀವವನ್ನು ತಕ್ಕಷ್ಟು ಪ್ರೀತಿಸುವುದಿಲ್ಲ, ಇಲ್ಲವೇ ಅವನಲ್ಲಿ ಗರ್ವವಿದೆ, ಅದೂ ಅಲ್ಲದಿದ್ದರೆ ಬುದ್ಧಿ ಮಂದ. ನನ್ನದು ಎರಡನೆಯದು.

ಹಾಗಾದರೆ ನೀರಿನ ದಡದಲ್ಲಿ ನಿಂತು ಯಾರು ಬೇಡವೆಂದರೂ ಒಪ್ಪಿಕೊಳ್ಳಬೇಕೇ ಎಂದು ನೀವು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದು. ಈ ದೇಶದಲ್ಲಿ ನೀರಿನ ಬಳಿ ಬೇಡವೆಂಬ ಮಾತನ್ನು ಕೇಳಿದವರ ಇತಿಹಾಸ ದೊಡ್ಡದು. 1927ರ ಮಾರ್ಚಿಯಲ್ಲಿ ಡಾ. ಅಂಬೇಡ್ಕರ್ ಅವರು ಮಹಾಡಿನ ಚವದಾರ್ ಕೆರೆಯ ನೀರನ್ನು ಸಾವಿರಾರು ಜನರೊಡನೆ ಬೊಗಸೆಯಲ್ಲಿ ಎತ್ತಿ ಕುಡಿದದ್ದು ಅಂತಹ ಒಂದು ನಿಷೇಧವನ್ನು ಮುರಿಯಲೆಂದೇ. ಅದಕ್ಕೂ ಹಿರಿಯರ ಮಾತು, ಹಿಂದಿನಿಂದ ಬಂದ ರೂಢಿ ಎಂಬ ಬೆಂಬಲವೇ ಇತ್ತು. ಆ ನಿಷೇಧವನ್ನು ಮೀರಿದ್ದು ಧರ್ಮ. ಈ ನಿಷೇಧವನ್ನು ನಾನು ಮೀರಿದ್ದು ಅವಿವೇಕ. ವ್ಯತ್ಯಾಸ ಎಲ್ಲಿದೆ ಎಂದು ಬಹಳ ಕಾಲ ಯೋಚಿಸಿದ್ದೇನೆ. ಮಹಾಡಿನಲ್ಲಿ ಮುಟ್ಟಬೇಡವೆಂದವರು ತಾವು ಮುಟ್ಟುತ್ತಿದ್ದರು. ಅವರ ಮಾತು ಅವರನ್ನು ಕಟ್ಟುತ್ತಿರಲಿಲ್ಲ. ಮಡುವಿನ ದಡದ ವೃದ್ಧೆ ನಮಗೆ ಹೇಳಿದ್ದನ್ನು ಮೊದಲು ತನ್ನ ಮಕ್ಕಳಿಗೆ ಹೇಳಿದ್ದಳು, ತಾನೂ ಪಾಲಿಸಿದ್ದಳು. ನಾವು ಇಳಿಯದಿದ್ದರೆ ಆಕೆಗೆ ದೊರೆಯುವ ಲಾಭವೇನೂ ಇರಲಿಲ್ಲ. ಈ ಅಳತೆಗೋಲು ಎಲ್ಲ ಕಡೆಗೂ ಸಾಲದಿರಬಹುದು. ಆದರೆ ಅಂದು ಸಾಕಾಗುತ್ತಿತ್ತು.

ದೇವರು ಕಾಯುತ್ತಾನೆ ಎನ್ನುವವರೂ ನಮ್ಮಲ್ಲಿದ್ದಾರೆ. ಕೊರಳಲ್ಲಿ ಶಿಲುಬೆಯಿದೆ, ಹೊರಡುವಾಗ ಜಪಸರ ಹೇಳಿದ್ದೇವೆ. ದೇವಾಲಯದ ಶಿಖರದಿಂದ ಧುಮುಕು, ದೂತರು ಹಿಡಿದುಕೊಳ್ಳುತ್ತಾರೆ ಎಂಬ ಸಲಹೆ ಶುಭಸಂದೇಶದಲ್ಲಿ ಯಾರ ಬಾಯಿಂದ ಬರುತ್ತದೆಂಬುದನ್ನು ನೆನಪಿಸಿಕೊಂಡರೆ ಸಾಕು. ದೇವರು ಅಂದು ಹದಿನೆಂಟು ಹುಡುಗರನ್ನು ಕಾಯಲು ಒಬ್ಬ ವೃದ್ಧೆಯನ್ನು ದಡದಲ್ಲಿ ಕೂರಿಸಿದ್ದ ಎಂದು ನಾನು ಈಗ ನಂಬುತ್ತೇನೆ.

ಇನ್ನು, ಮಕ್ಕಳನ್ನು ಹೊಳೆಗೇ ಕಳುಹಿಸಬೇಡಿ ಎಂದು ಹೇಳುವುದು ಗುರುಗಳಿಗೂ ತಾಯ್ತಂದೆಯರಿಗೂ ಸುಲಭವಾದ ದಾರಿ. ಕಟ್ಟಿಹಾಕಿದ ಮಗು ಹೇಳದೆ ಹೋಗುತ್ತದೆ. ಹೇಳದೆ ಹೋದ ಮಗುವನ್ನು ಎಲ್ಲಿ ಹುಡುಕಬೇಕೆಂದೂ ತಿಳಿಯದು. ತೀರ್ಥವೆಂಬ ಪದಕ್ಕೆ ನೀರಿಗೆ ಕ್ಷೇಮವಾಗಿ ಇಳಿಯಬಹುದಾದ ಕಡವು ಎಂಬುದೇ ಮೂಲ ಅರ್ಥ. ಇಳಿಯಬಹುದಾದ ಜಾಗವನ್ನು ಗುರುತಿಸಿ ಹಿಂದಿನವರು ಅದಕ್ಕೆ ಪಾವಿತ್ರ್ಯವನ್ನು ಕೊಟ್ಟರು. ಹಳೇಬೀಡಿನ ಸಮೀಪ ಹುಲಿಕೆರೆಯ ಕೊಳದಲ್ಲಿ ಸುತ್ತಲೂ ಮೆಟ್ಟಿಲು ಕಟ್ಟಿದರು. ನಮ್ಮ ಮಕ್ಕಳಿಗೆ ಈಜು ಕಲಿಸುವ ಏರ್ಪಾಡು ಒಂದು ಧರ್ಮಕೇಂದ್ರದ ಕೆಲಸವಲ್ಲವೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಮಳೆಗಾಲದಲ್ಲಿ ಮಡುವಿಗೆ ಇಳಿಯಬಾರದು. ಇಳಿಯುವ ಮೊದಲು ಊರಿನವರೊಬ್ಬರನ್ನು ಕೇಳಬೇಕು. ಮುಳುಗುವವನ ಹಿಂದೆ ಧುಮುಕದೆ ಹಗ್ಗವನ್ನೋ ಸೀರೆಯನ್ನೋ ಕೋಲನ್ನೋ ಎಸೆಯಬೇಕು. ಇಷ್ಟನ್ನು ಹೇಳಿಕೊಡಲು ಒಂದು ಭಾನುವಾರದ ಅರ್ಧ ಗಂಟೆ ಸಾಕು.

ಆ ದಿನದ ಕಥೆ ಹೊಳೆಯ ದಡದಲ್ಲಿ ಮುಗಿಯಲಿಲ್ಲ. ಹಿಂದಿರುಗುವ ದಾರಿಯಲ್ಲಿ ವ್ಯಾನು ನಿಲ್ಲಿಸಿ, ಮನೆಯಲ್ಲಿ ಯಾರೂ ಏನೂ ಹೇಳಬಾರದೆಂದು ಹುಡುಗರಿಗೆ ತಾಕೀತು ಮಾಡಿದೆ. ತಾಯ್ತಂದೆಯರು ವೃಥಾ ಗಾಬರಿಯಾಗುತ್ತಾರೆ ಎಂಬ ಕಾರಣ ಕೊಟ್ಟೆ. ನಿಜವಾದ ಕಾರಣ ಹುಡುಗರಿಗೂ ಗೊತ್ತಿತ್ತು. ಹನ್ನೊಂದು ವರ್ಷಗಳ ನಂತರ, ಅದೇ ಹುಡುಗನ ಮದುವೆಯ ಮಾತುಕತೆಗೆಂದು ಅವರ ಮನೆಗೆ ಹೋಗಿದ್ದಾಗ, ಅಡುಗೆಮನೆಯ ಬಾಗಿಲಲ್ಲಿ ನಿಂತು ಅವನ ತಾಯಿಗೆ ಎಲ್ಲವನ್ನೂ ಹೇಳಿದೆ. ಆಕೆ ಒಲೆಯ ಮೇಲಿನ ಹಾಲನ್ನು ಇಳಿಸಿಟ್ಟರು.

“ಆ ವಾರವೇ ಗೊತ್ತಾಯ್ತು ಸ್ವಾಮಿ. ಎಣ್ಣೆ ಹಚ್ಚೋವಾಗ ಬೆನ್ನು ನೋಡಿದೆ. ನೀವೇ ಬಂದು ಹೇಳ್ತೀರಿ ಅಂತ ಕಾದೆ” ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಅಜ್ಜಿ ಈಗ ಹೇಗಿದ್ದಾಳೆ?” ಎಂದು ಕೇಳಿದರು.

ನಾನು ಆ ಅಜ್ಜಿಯ ಹೆಸರನ್ನೂ ಕೇಳಿರಲಿಲ್ಲ.