ಅಟ್ಟದ ಮೇಲಿನ ನಿಕ್ಷೇಪ

ನಮ್ಮ ಮನೆಯ ಅಟ್ಟದ ಮೇಲೆ, ಹಳೆಯ ಪಂಚಾಂಗಗಳ ಕಟ್ಟಿಗೂ ಗೌರಿಹಬ್ಬದ ಮೊರಗಳಿಗೂ ನಡುವೆ, ನಾಲ್ಕು ರೌಟರ್‌ಗಳು ಬಹುಕಾಲದಿಂದ ಕುಳಿತಿದ್ದವು. ಒಂದು ತಾಮ್ರದ ದೂರವಾಣಿ ತಂತಿಯ ಕಾಲದ್ದು. ಇನ್ನೊಂದು ಕೇಬಲ್ಲಿನವರು ತಂದಿಟ್ಟದ್ದು. ಉಳಿದೆರಡು ಗಾಜಿನ ಎಳೆಯೊಳಗೆ ಬೆಳಕೇ ಸುದ್ದಿಯನ್ನು ಹೊತ್ತು ತರುವ ಈಚಿನ ದಿನಗಳವು. ಬೆಂಗಳೂರಿನ ಗೃಹಸ್ಥನು ಬ್ರಾಡ್‌ಬ್ಯಾಂಡ್ ಕಂಪನಿಯನ್ನು ಬದಲಿಸಿದಾಗಲೆಲ್ಲ ಹೊಸ ಪೆಟ್ಟಿಗೆಯೊಂದು ಮನೆಯನ್ನು ಹೊಗುತ್ತದೆ; ಹಳೆಯದನ್ನು ಒಯ್ಯಲು ಎಷ್ಟೋ ವೇಳೆ ಯಾರೂ ಬಾರರು. ಇವುಗಳಲ್ಲಿ ಒಂದನ್ನೂ ನಾನು ಕೊಂಡವನಲ್ಲ. ಉಪಕರಣವು ಕಂಪನಿಯ ಸ್ವತ್ತೆಂದೂ, ಸಂಪರ್ಕ ಮುಗಿದ ಮೇಲೆ ಹಿಂದಿರುಗಿಸತಕ್ಕದ್ದೆಂದೂ ರಸೀದಿಯ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿತ್ತು.

ಯುಗಾದಿಗೆ ಮುನ್ನ ಅಟ್ಟವನ್ನು ಗುಡಿಸುವಾಗ ಅವು ಕಣ್ಣಿಗೆ ಬಿದ್ದು, ಒಂದು ಕಂಪನಿಗೆ ಫೋನು ಮಾಡಿದೆನು. ಅತ್ತಲಿನ ತರುಣನು ಸೌಜನ್ಯದಿಂದಲೇ ಹೇಳಿದನು: "ಅದು ಹಳೇ ಮಾಡೆಲ್ ಸರ್, ವಾಪಸ್ ತಗೊಳಲ್ಲ. ನೀವೇ ಇಟ್ಕೊಳ್ಳಿ, ಇಲ್ಲಾಂದ್ರೆ ಬಿಸಾಕಿ." ಇಟ್ಟುಕೊಳ್ಳುವುದು, ಬಿಸಾಡುವುದು, ಈ ಎರಡರಲ್ಲಿ ಯಾವುದಕ್ಕೂ ನನಗೆ ಅಧಿಕಾರವಿದ್ದಂತೆ ತೋರಲಿಲ್ಲ, ಮತ್ತು ಅಂದಿನಿಂದ ಈ ಪ್ರಶ್ನೆಯು ನನ್ನನ್ನು ಬಿಡಲಿಲ್ಲ.

ನಮ್ಮ ಪ್ರಾಚೀನರು ಇದನ್ನು ಕ್ಷುಲ್ಲಕವೆಂದು ಎಣಿಸಿದವರಲ್ಲ. ವ್ಯಾಜ್ಯಗಳನ್ನು 18 ವಿಧವಾಗಿ ವಿಂಗಡಿಸುವ ಮನುಸ್ಮೃತಿಯು ಋಣದ ತರುವಾಯವೇ ನಿಕ್ಷೇಪವನ್ನೂ, ಎಂದರೆ ನಂಬಿ ಒಪ್ಪಿಸಿಟ್ಟ ವಸ್ತುವಿನ ವ್ಯಾಜ್ಯವನ್ನೂ, ಅದರ ಬೆನ್ನಿಗೇ ಅಸ್ವಾಮಿವಿಕ್ರಯವನ್ನೂ, ಎಂದರೆ ಒಡೆಯನಲ್ಲದವನು ಮಾಡುವ ಮಾರಾಟವನ್ನೂ ಇರಿಸಿದೆ. ಯಾಜ್ಞವಲ್ಕ್ಯಸ್ಮೃತಿಯಲ್ಲಿ 'ಉಪನಿಧಿ'ಗೆಂದೇ ಒಂದು ಪ್ರಕರಣವುಂಟು: ಒಳಗೇನಿದೆಯೆಂಬುದನ್ನು ಹೇಳದೆ, ಮುಚ್ಚಿದ ಭರಣಿಯಲ್ಲಿಟ್ಟು ಒಬ್ಬನು ಇನ್ನೊಬ್ಬನ ಕೈಗೆ ಒಪ್ಪಿಸುವ ವಸ್ತುವೇ ಉಪನಿಧಿ, ಅದನ್ನು ಪಡೆದಂತೆಯೇ ಮರಳಿಸಬೇಕು. ಆ ಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ, ಇಂದು ಬೀದರ ಜಿಲ್ಲೆಯ ಬಸವಕಲ್ಯಾಣವೆನಿಸಿರುವ ನಮ್ಮ ನಾಡಿನ ಊರಿನಲ್ಲಿಯೇ ಇದ್ದವನಾದುದರಿಂದ, ಈ ವಿಚಾರವು ನಮಗೆ ಹೊರಗಿನಿಂದ ಬಂದುದೆಂದು ನಾನು ಭಾವಿಸಲಾರೆನು.

ಅದೇ ಸ್ಮೃತಿಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಒಡೆಯನು ಕಣ್ಣಾರೆ ಕಾಣುತ್ತ, ಆಕ್ಷೇಪಿಸದೆ ಸುಮ್ಮನಿದ್ದರೆ, ಪರರು ಅನುಭವಿಸುತ್ತಿರುವ ಭೂಮಿಯ ಮೇಲೆ 20 ವರ್ಷಕ್ಕೂ, ಚರವಸ್ತುವಿನ ಮೇಲೆ 10 ವರ್ಷಕ್ಕೂ ಅವನು ಹಕ್ಕನ್ನು ಕಳೆದುಕೊಳ್ಳುತ್ತಾನೆ. ಆದರೆ ಒತ್ತೆ, ಎಲ್ಲೆ, ಬಾಲಕರ ಧನ ಮೊದಲಾದವುಗಳೊಡನೆ ಉಪನಿಧಿಯನ್ನೂ ಈ ನಿಯಮದಿಂದ ಹೊರಗಿಟ್ಟಿದೆ. ವಿಶ್ವಾಸದಿಂದ ಇರಿಸಿದ ವಸ್ತುವು ಕೇವಲ ಕಾಲ ಕಳೆದುದರಿಂದ ನನ್ನದಾಗದು. ನನ್ನ ತಾಮ್ರದ ತಂತಿಯ ಪೆಟ್ಟಿಗೆಗೆ 10 ವರ್ಷವೆಂದೋ ಮೀರಿತು. ಆದರೂ ಅದು ನನ್ನದಲ್ಲ.

ಹಾಗಾದರೆ ಆ ತರುಣನ ಮಾತು ದಾನವಾಯಿತೇ? ಕೊಡುವವನ ಸ್ವತ್ವವು ನಿವೃತ್ತಿಯಾಗಿ ಪಡೆಯುವವನ ಸ್ವತ್ವವು ಹುಟ್ಟಿದಾಗಲಷ್ಟೆ ದಾನ ಸಿದ್ಧಿಸುತ್ತದೆಂದು ಶಾಸ್ತ್ರಕಾರರು ನಿರ್ಣಯಿಸಿದ್ದಾರೆ. ಅದಕ್ಕೆ ಶ್ರದ್ಧೆಯೂ ಬೇಕು, ಪಡೆಯುವವನ ಸ್ವೀಕಾರವೂ ಬೇಕು. "ಬಿಸಾಕಿ" ಎಂಬಲ್ಲಿ ಮೊದಲಿನ ಅರ್ಧ ಮಾತ್ರವಿದೆ: ಕೈ ತೊಳೆದುಕೊಳ್ಳುವುದಿದೆ, ಕೊಡುವುದಿಲ್ಲ. ಒಡೆಯನಿಗೆ ಬೇಡ, ಇರಿಸಿಕೊಂಡವನಿಗೆ ಬೇಡ. ಅಪರಿಗ್ರಹದ ನೆವವೊಂದು ಇಲ್ಲಿ ನನಗೂ ಹೊಳೆಯದೆ ಇರಲಿಲ್ಲ. ಪರಿಗ್ರಹವೆಂಬುದು ವಸ್ತುವಿನಲ್ಲಿಲ್ಲ, ಮಮಕಾರದ ಮೂರ್ಛೆಯಲ್ಲಿದೆಯೆಂದು ಜೈನರ ತತ್ತ್ವಾರ್ಥಸೂತ್ರವು ಹೇಳುವುದರಿಂದ, ಈ ಪೆಟ್ಟಿಗೆಗಳಲ್ಲಿ ಎಳ್ಳಷ್ಟೂ ಮಮಕಾರವಿಲ್ಲದ ನಾನು ನಿರಾಳನಲ್ಲವೇ ಎಂದುಕೊಂಡೆನು. ಆದರೆ ಮಮತೆಯಿಲ್ಲದಿರುವುದು ಒಂದು, ಹೊಣೆಯಿಲ್ಲದಿರುವುದು ಇನ್ನೊಂದು. ವರ್ಷಗಟ್ಟಲೆ ಆ ಯಂತ್ರದ ಸೇವೆಯನ್ನುಂಡವನು ಎರಡನ್ನೂ ಒಂದೆಂದು ಭ್ರಮಿಸಬಾರದು.

ನಮ್ಮ ಬೀದಿಗೆ ವಾರಕ್ಕೊಮ್ಮೆ ಗುಜರಿಯವನು ಬರುತ್ತಾನೆ. ಅವನಿಗೆ ತೂಕಕ್ಕೆ ಹಾಕಿದರೆ ಅದು ಅಸ್ವಾಮಿವಿಕ್ರಯವೇ ಆದೀತು. ಆದರೆ ನನ್ನನ್ನು ತಡೆದುದು ಆ ದೋಷಕ್ಕಿಂತ ಮಿಗಿಲಾಗಿ ಪೆಟ್ಟಿಗೆಯ ಮುಂದಿನ ಪಯಣದ ಚಿಂತೆ. ಕೈಯಿಂದ ಕೈಗೆ ಸಾಗುವ ಇಂತಹ ಸರಕು ಕಡೆಗೆ ಯಾವುದೋ ಶೆಡ್ಡನ್ನು ಸೇರುತ್ತದೆ; ಅಲ್ಲಿ ತಾಮ್ರಕ್ಕಾಗಿ ತಂತಿಗಳನ್ನು ಸುಡುತ್ತಾರೆ, ಪಿವಿಸಿ ಹೊದಿಕೆ ಉರಿದು ಡಯಾಕ್ಸಿನ್ ಎಂಬ ವಿಷವೇಳುತ್ತದೆ; ಕಣಮಾತ್ರದ ಚಿನ್ನಕ್ಕಾಗಿ ಸರ್ಕ್ಯೂಟ್ ಬೋರ್ಡನ್ನು ಆಮ್ಲದಲ್ಲಿ ಅದ್ದುತ್ತಾರೆ, ಉಳಿದ ಆಮ್ಲವು ಚರಂಡಿಗೆ ಹರಿಯುತ್ತದೆ. ಹಳೆಯ ಪೆಟ್ಟಿಗೆಗಳ ಬೆಸುಗೆಯಲ್ಲಿ ಸೀಸವೂ ಇರಬಹುದು. ಗುಜರಿಯವನನ್ನು ನಾನು ದೂಷಿಸಲಾರೆನು. ನಾವು ಕಣ್ಣೆತ್ತಿ ನೋಡಲೊಲ್ಲದುದನ್ನು ಅವನು ಹೆಗಲಿನ ಮೇಲೆ ಹೊರುತ್ತಾನೆ. ಆ ಹೊಗೆಯನ್ನು ಕುಡಿಯುವವರು ಒಡೆಯರೂ ಅಲ್ಲ, ಇರಿಸಿಕೊಂಡವರೂ ಅಲ್ಲ.

ಶ್ರವಣಬೆಳಗೊಳದಲ್ಲಿ ದಿಗಂಬರ ಮುನಿಯೊಬ್ಬರು ಕಮಂಡಲುವನ್ನು ಕೆಳಗಿಡುವ ಮೊದಲು ನವಿಲುಗರಿಯ ಪಿಂಛಿಯಿಂದ ನೆಲವನ್ನು ಮೆಲ್ಲನೆ ಸವರಿದುದನ್ನು ನಾನು ಒಮ್ಮೆ ಕಂಡಿದ್ದೆನು. ಜೈನಮುನಿಗಳ ಐದು ಸಮಿತಿಗಳಲ್ಲಿ ನಾಲ್ಕನೆಯದು ಆದಾನನಿಕ್ಷೇಪಣ, ಎಂದರೆ ಎತ್ತುವುದರಲ್ಲಿಯೂ ಇಡುವುದರಲ್ಲಿಯೂ ಎಚ್ಚರ. ಐದನೆಯದು ಉತ್ಸರ್ಗ, ಎಂದರೆ ತ್ಯಜಿಸುವುದರಲ್ಲಿ ಎಚ್ಚರ. ದೇಹದ ಮಲವನ್ನು ಬಿಡುವಾಗಲೂ ಜೀವಜಂತುಗಳಿಲ್ಲದ ಎಡೆಯನ್ನು ನೋಡಿ ಬಿಡಬೇಕು. ಎಲ್ಲವನ್ನೂ ತೊರೆದವರಿಗೆ ತೊರೆಯುವ ಕ್ರಮವೇ ಒಂದು ವ್ರತವಾಗಿರುವುದನ್ನು ಕಂಡು ನನಗೆ ಅಂದು ಆಶ್ಚರ್ಯವಾಗಿತ್ತು. ಅಟ್ಟದ ಕೆಳಗೆ ನಿಂತು ಯೋಚಿಸುವಾಗ ಅದರ ಅರ್ಥ ತಿಳಿಯಿತು. ನ್ಯಾಯಶಾಸನವು ಒಪ್ಪಿಸಿಟ್ಟುದನ್ನು ನಿಕ್ಷೇಪವೆನ್ನುತ್ತದೆ. ಮುನಿಗಳ ಶಾಸ್ತ್ರವು ಕೆಳಗಿಡುವುದನ್ನು ನಿಕ್ಷೇಪಣವೆನ್ನುತ್ತದೆ. ಶಬ್ದದ ಧಾತು ಒಂದೇ. ನಾನು ಎಸೆದ ವಸ್ತುವು ಶೂನ್ಯಕ್ಕೆ ಹೋಗುವುದಿಲ್ಲ, ಯಾರದೋ ಕೈಗೆ ಹೋಗುತ್ತದೆ. ಒಳಗೇನಿದೆಯೆಂದು ಹೇಳದೆ ಎಸೆದೆನಾದರೆ, ಆ ಅಪರಿಚಿತನ ಕೈಯಲ್ಲಿ ಅವನು ಕೇಳದೆ ಇದ್ದ ಉಪನಿಧಿಯನ್ನು ನಾನು ಇರಿಸಿದಂತಾಯಿತು.

ನಾಲ್ಕು ಪೆಟ್ಟಿಗೆಗಳ ಕ್ರಮಸಂಖ್ಯೆಗಳನ್ನು ಬರೆದು, ಒಂದು ತಿಂಗಳೊಳಗೆ ಒಯ್ಯಬೇಕೆಂದೂ ಇಲ್ಲವಾದರೆ ಅಧಿಕೃತ ಮರುಬಳಕೆದಾರರಿಗೆ ಒಪ್ಪಿಸುವೆನೆಂದೂ ಕಂಪನಿಗಳಿಗೆ ಪತ್ರ ಕಳುಹಿಸಿದೆನು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿರುವ ಇ-ತ್ಯಾಜ್ಯ ನಿಯಮಗಳು ಉತ್ಪಾದಕರ ಮೇಲೆಯೇ ಮರುಬಳಕೆಯ ಹೊಣೆಯನ್ನು ಹೊರಿಸಿವೆಯಾದರೂ, ಯಾರಿಂದಲೂ ಉತ್ತರ ಬರಲಿಲ್ಲ. ಅವಧಿ ಮುಗಿದ ಮೇಲೆ ಅವುಗಳನ್ನು ಕೆಳಗಿಳಿಸಿ, ಒಂದೊಂದಕ್ಕೂ ವಿದ್ಯುತ್ತು ಕೊಟ್ಟು, ಹಿಂಬದಿಯ ಸೂಜಿಗಣ್ಣಿನ ರಂಧ್ರದಲ್ಲಿ ಪಿನ್ನನ್ನು ಹತ್ತು ಸೆಕೆಂಡು ಒತ್ತಿ ಹಿಡಿದು ನೆನಪನ್ನು ಅಳಿಸಿದೆನು. ಅವುಗಳ ನೆನಪಿನಲ್ಲಿ ನಮ್ಮ ಮನೆಯ ವೈಫೈ ಹೆಸರೂ ಪಾಸ್‌ವರ್ಡೂ ಉಳಿದಿದ್ದವು. ಹಳೆಯ ಕಾಲದ ಭರಣಿಯಲ್ಲಿ ಇರಿಸಿದವನ ಗುಟ್ಟು ಇರುತ್ತಿತ್ತು. ಈ ಭರಣಿಗಳಲ್ಲಿ ಇರಿಸಿಕೊಂಡವನ ಗುಟ್ಟು ಇತ್ತು.

ಆಮೇಲೆ ಒಂದು ಚೀಟಿ ಬರೆದೆನು: ಒಳಗೆ ತಾಮ್ರ, ತವರ, ಪ್ಲಾಸ್ಟಿಕ್ಕು ಇವೆ, ತಾಮ್ರದ ತಂತಿಯ ಕಾಲದ ಪೆಟ್ಟಿಗೆಯ ಬೆಸುಗೆಯಲ್ಲಿ ಸೀಸವಿರಬಹುದು. ಸಂಗ್ರಹಕೇಂದ್ರದ ಹೆಣ್ಣುಮಗಳು ಚೀಟಿಯನ್ನು ಕೊನೆಯವರೆಗೆ ಓದಿ, ಪೆಟ್ಟಿಗೆಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟು ಎಣಿಸಿದಳು. "ನಾಲ್ಕು ರೌಟರ್, ಮೂರು ಅಡಾಪ್ಟರ್. ಇನ್ನೊಂದು ಎಲ್ಲಿ ಸರ್?" ಎಂದು ಕೇಳಿದಳು. ಅದು ನಮ್ಮ ದೇವರಮನೆಯ ದೀಪದ ಸರಕ್ಕೆ ಇನ್ನೂ ವಿದ್ಯುತ್ತು ಕೊಡುತ್ತಿದೆಯೆಂದು ಹೇಳಿದೆನು. ಆಕೆ ಹಾಗೆಯೇ ಬರೆದುಕೊಂಡು ರಸೀದಿಯನ್ನು ಕೊಟ್ಟಳು.