ಇಂದಿನ ಧಮ್ಮ ಚಿಂತನೆ: ಬ್ಯಾಟರಿಯಲ್ಲಿ ಕರೆಂಟ್ ಇದೆ





ಕಾರಣವಿಲ್ಲದೆ ಯಾವುದೂ ಘಟಿಸುವುದಿಲ್ಲ ಎಂಬುದು ಪಟಿಚ್ಚಸಮುಪ್ಪಾದದ ತಿರುಳು. ಕೇಳಿ ತಲೆದೂಗುವುದು ಸುಲಭ. ಏನಾದರೂ ಕೆಟ್ಟು ನಿಂತಾಗ ಕಾರಣ ಹುಡುಕುವಷ್ಟು ತಾಳ್ಮೆ ನಮಗಿದೆಯೇ?

ಕಳೆದ ಭಾನುವಾರ ವಂದನೆ ಮುಗಿದ ಮೇಲೆ ನಮ್ಮ ಬಳಗದ ಹಿರಿಯರೊಬ್ಬರ ಕಾರು ಸ್ಟಾರ್ಟ್ ಆಗಲಿಲ್ಲ. ಕೀ ತಿರುಗಿಸಿದರೆ ‘ಟಕ್’ ಎಂದು ಒಂದೇ ಸದ್ದು. ಸುತ್ತ ನಿಂತವರದು ತಲೆಗೊಂದು ಮಾತು. “ಬ್ಯಾಟರಿ ಸತ್ತಿದೆ ಅಣ್ಣಾ, ಹೊಸದು ಹಾಕಿಸಿ.” “ಇಲ್ಲ, ಸೆಲ್ಫ್ ಮೋಟರ್ ಹೋಗಿದೆ.” ದಾರಿಹೋಕರೊಬ್ಬರು, “ದೃಷ್ಟಿಯಾಗಿದೆ, ನಿಂಬೆಹಣ್ಣು ಕಟ್ಟಿ” ಎಂದರು.

ಮೆಕ್ಯಾನಿಕ್ ಹುಡುಗ ಬಂದ. ಯಾರ ಮಾತನ್ನೂ ತಳ್ಳಿಹಾಕಲಿಲ್ಲ, ನಂಬಲೂ ಇಲ್ಲ. ಮೀಟರ್ ತೆಗೆದು ಬ್ಯಾಟರಿಗೆ ಹಿಡಿದ. 12.6 ವೋಲ್ಟ್, ತುಂಬಿದ ಬ್ಯಾಟರಿಯ ಲೆಕ್ಕ. ಕೀ ತಿರುಗಿಸಿ ಮತ್ತೆ ನೋಡಿದ. ಬ್ಯಾಟರಿ ಸೋತಿದ್ದರೆ ಆಗ ಒಂಬತ್ತೂವರೆಗಿಂತ ಕೆಳಗೆ ಬೀಳಬೇಕಿತ್ತು, ಬೀಳಲಿಲ್ಲ. ಆಮೇಲೆ ಮೀಟರಿನ ಒಂದು ತಂತಿಯನ್ನು ಬ್ಯಾಟರಿಯ ಮೈನಸ್‌ಗೆ, ಇನ್ನೊಂದನ್ನು ಇಂಜಿನ್ನಿನ ಲೋಹಕ್ಕೆ ಇಟ್ಟು ಕೀ ತಿರುಗಿಸಲು ಹೇಳಿದ. ಅರ್ಧ ವೋಲ್ಟನ್ನೂ ದಾಟಬಾರದ ಕಡೆ 5 ವೋಲ್ಟ್ ತೋರಿಸಿತು. ಅರ್ತ್ ತಂತಿಯ ಬೋಲ್ಟಿನಡಿ ತುಕ್ಕು ಹಿಡಿದಿತ್ತು. ಉಜ್ಜಿ, ಬಿಗಿ ಮಾಡಿದ. ಕಾರು ಹೊರಟಿತು. ಬ್ಯಾಟರಿಯೂ ಸರಿ, ಮೋಟರೂ ಸರಿ. ಕೆಟ್ಟಿದ್ದು ನಡುವಿನ ಸಂಪರ್ಕ.

ಕೇಸಪುತ್ತದ ಕಾಲಾಮರಿಗೆ ಭಗವಾನ್ ಬುದ್ಧರು ಬೋಧಿಸಿದ ದಾರಿ ಇದೇ. ಹೇಳಿದವರು ಹಿರಿಯರು, ಮೊದಲಿನಿಂದ ಹಾಗೆಯೇ ನಡೆದು ಬಂದಿದೆ ಎಂಬುದಷ್ಟೇ ಸಾಲದು; ನೀವೇ ಪರೀಕ್ಷಿಸಿ ತಿಳಿಯಬೇಕು.

1916ರ ಮೇ 9ರಂದು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 25 ವರ್ಷದ ಬಾಬಾಸಾಹೇಬರು ಜಾತಿಯ ಕುರಿತು ಪ್ರಬಂಧ ಓದಿದಾಗ ಮಾಡಿದ್ದೂ ಇದನ್ನೇ. ಜಾತಿಯನ್ನು ಮನು ಸೃಷ್ಟಿಸಿದ, ಜಾತಿ ಬಣ್ಣದಿಂದ ಬಂತು ಎಂಬ ವಾದಗಳನ್ನು ಒರೆಗೆ ಹಚ್ಚಿ ಪಕ್ಕಕ್ಕಿಟ್ಟರು. ಜಾತಿಯೊಳಗೇ ಮದುವೆ ಎಂಬ ಕಟ್ಟುಪಾಡೇ ಅದನ್ನು ಹಿಡಿದು ನಿಲ್ಲಿಸಿದೆ ಎಂದು ತೋರಿಸಿದರು. 1936ರ ‘ಜಾತಿ ವಿನಾಶ’ದಲ್ಲಿ ಅಂತರ್ಜಾತಿ ವಿವಾಹವನ್ನೇ ಮದ್ದೆಂದರು, ಅದಕ್ಕೆ ಅಡ್ಡ ನಿಂತಿರುವ ಶಾಸ್ತ್ರಗಳ ಪಾವಿತ್ರ್ಯದ ನಂಬಿಕೆ ಅಳಿಯಬೇಕು ಎಂದರು. ರೋಗ ಎಲ್ಲಿದೆಯೋ ಮದ್ದು ಅಲ್ಲಿಗೆ.

ನಮ್ಮ ಜನರ ಬಗ್ಗೆ ಶತಮಾನಗಳಿಂದ ಹೇಳುತ್ತ ಬಂದಿದ್ದು, ಇವರಲ್ಲಿ ಶಕ್ತಿಯೇ ಇಲ್ಲ ಎಂದು. ಅಕ್ಷರದ, ಕೆರೆಯ, ಭೂಮಿಯ ಸಂಪರ್ಕ ಕಡಿದವರೇ ಆ ಮಾತು ಹೇಳಿದರು. ಇಂದು ಅದು ನಮ್ಮ ಬಾಯಿಂದಲೇ ಬರುವುದನ್ನು ಕೇಳಿದಾಗ ಸಂಕಟವಾಗುತ್ತದೆ. ವಿಹಾರಕ್ಕೆ ತಪ್ಪದೆ ಬರುವ ತಂದೆಯೊಬ್ಬರು ಪೋಷಕರ ಸಭೆಯಲ್ಲಿ, ಗಣಿತದಲ್ಲಿ ಹಿಂದೆ ಬಿದ್ದ ಮಗಳ ಎದುರಿಗೇ, “ಇವಳ ತಲೆಗೆ ಹತ್ತಲ್ಲ ಮೇಷ್ಟ್ರೇ, ಹಣೆಬರಹ” ಎಂದರು. ಹುಡುಗಿ ತಲೆ ತಗ್ಗಿಸಿದಳು.

ಮರುದಿನ ಅವಳನ್ನು ಕೊನೆಯ ಬೆಂಚಿನಲ್ಲಿ ಕೂರಿಸಿ ಬೋರ್ಡಿನ ಅಂಕಿಗಳನ್ನು ಓದಿಸಿದೆ. 3 ಅನ್ನು 8 ಎಂದಳು. ಮುಂದಿನ ಬೆಂಚಿಗೆ ಕರೆತಂದೆ. ಎಲ್ಲವನ್ನೂ ಸರಿಯಾಗಿ ಓದಿದಳು. ಈಗ ಕನ್ನಡಕ ಬಂದಿದೆ. ಕಲಿಯುವುದು ಬಹಳ ಬಾಕಿಯಿದೆ, ಆದರೆ ಕಲಿಯಲು ಅಂಕಿಗಳು ಕಾಣುತ್ತಿವೆ. ಎರಡು ವರ್ಷ ಆ ಮಗು ತಾನು ದಡ್ಡಿ ಎಂದೇ ನಂಬಿತ್ತು.

ಬಂಧುಗಳೇ, ನಾವು ದೇವರ ಪಟ ಇಳಿಸಿದ್ದೇವೆ. ಹಣೆಬರಹವನ್ನೂ ಇಳಿಸಬೇಕು. ‘ದೃಷ್ಟಿ’, ‘ಗ್ರಹಚಾರ’, ‘ಅವನು ಅಷ್ಟೇ’ ಎಂಬ ಮಾತು ಇಂದು ನಾಲಿಗೆಗೆ ಬಂದರೆ ಅಲ್ಲೇ ತಡೆಯಿರಿ. ಎಲ್ಲಿಯವರೆಗೆ ಸರಿಯಿದೆ, ಎಲ್ಲಿಂದ ನಿಂತುಹೋಗಿದೆ ಎಂದು ಕೇಳಿ, ಒಂದೊಂದಾಗಿ ನೋಡಿ. ಸಮ್ಮಾದಿಟ್ಠಿಯ ಅಭ್ಯಾಸ ಅಲ್ಲಿಂದ ಶುರುವಾಗುತ್ತದೆ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್.